ಗಡಿನಾಡಿನ ಬರಹವೂ ಗಣಕದ ಲಿಪಿಸಂಕೇತವೂ

ಅಕ್ಕಲಕೋಟೆಯಲ್ಲಿ ಹಳೆಯ ‘ನುಡಿ’ ಫಾಂಟಿನಿಂದ ಸಿದ್ಧಪಡಿಸಿದ ಲೇಖನವನ್ನು ಆ ಫಾಂಟಿಲ್ಲದ ಸೊಲ್ಲಾಪುರದ ಗಣಕದಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ತೋರುತ್ತವೆ. ಹಳೆಯ ಪದ್ಧತಿಯು ಕನ್ನಡದ ಆಕಾರಗಳನ್ನು ರೋಮನ್ ಸಂಕೇತಗಳ ಸ್ಥಾನದಲ್ಲಿ ಇರಿಸಿದ್ದೇ ಇದಕ್ಕೆ ಕಾರಣ. 1991ರಲ್ಲಿ ಪ್ರಕಟವಾದ ಯುನಿಕೋಡ್ ಕನ್ನಡಕ್ಕೂ ದೇವನಾಗರಿಗೂ ಬೇರೆಬೇರೆ ಸ್ಥಾನಗಳನ್ನು ಕೊಟ್ಟಿತು. ಇದರಿಂದ ಎರಡೂ ಲಿಪಿಗಳು ಒಂದೇ ಕಡತದಲ್ಲಿ ಕೂಡಿ ಇರಬಲ್ಲವು.

ಆದರೆ ಪರಿವರ್ತನೆಯಲ್ಲಿ ಎಚ್ಚರ ಅವಶ್ಯ. ‘ವರ್ಷ’ ಎಂಬ ಶಬ್ದವನ್ನು ಹಳೆಯ ಕಡತವು ನಾವು ಬರೆಯುವಂತೆ ವ, ಷ, ಅರ್ಕಾವತ್ತು ಎಂದು ಇಡುತ್ತದೆ. ಯುನಿಕೋಡ್ ಉಚ್ಚರಿಸುವಂತೆ ವ, ರ, ಹಲಂತಚಿಹ್ನೆ, ಷ ಎಂದು ಇಡುತ್ತದೆ. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಮಾಡದಿದ್ದರೆ ಶಬ್ದವೇ ಕೆಡುವುದು. ಪೇಜ್‌ಮೇಕರಿನಂಥ ಹಳೆಯ ಪುಟವಿನ್ಯಾಸದ ತಂತ್ರಾಂಶಕ್ಕೆ ಯುನಿಕೋಡ್ ತಿಳಿಯದ ಕಾರಣ, ಅಲ್ಲಿ ಪುನಃ ಹಳೆಯ ಸಂಕೇತಕ್ಕೆ ಮರಳಬೇಕಾಗುತ್ತದೆ. ದೋಷಕ್ಕೆ ಎರಡನೆಯ ಅವಕಾಶ ದೊರೆಯುತ್ತದೆ.

ಕನ್ನಡವರಿಯದ ಅಕ್ಷರಜೋಡಣೆಗಾರನಿಗೆ ಈ ದೋಷ ಕಾಣದು. ಶಾಸನಪಾಠದಲ್ಲಿಯೋ ಸ್ಥಳನಾಮದಲ್ಲಿಯೋ ಅದು ಉಳಿದರೆ ಮುಂದಿನ ಸಂಶೋಧಕನು ದಾರಿತಪ್ಪುವನು. ಆದುದರಿಂದ ಶಿಕ್ಷಕ ಬಂಧುಗಳು ಮೂಲ ಕಡತವನ್ನೂ ಅದರ ಫಾಂಟನ್ನೂ ಕಾಯ್ದಿರಿಸಿ, ಯುನಿಕೋಡ್ ಪ್ರತಿಯೊಂದನ್ನು ಬೇರೆ ಇಟ್ಟು, ಕೊನೆಯ ಕರಡನ್ನು ಪುಟವಿನ್ಯಾಸ ಮುಗಿದ ಬಳಿಕವೇ ತಾವೇ ತಿದ್ದತಕ್ಕದ್ದು. ಅರ್ಕಾವತ್ತು, ಒತ್ತಕ್ಷರಗಳಿರುವ ಶಬ್ದಗಳನ್ನು ಮೊದಲು ನೋಡುವುದು ಲೇಸು.