ಥಂಡ್ಯಾಗ ಟ್ರ್ಯಾಕ್ಟರ್ ಯಾಕ ಚಾಲೂ ಆಗಲ್ಲ?



ನಮ್ಮ ಕಲಬುರಗಿ ಜಿಲ್ಲೆಗೆ ತೊಗರಿಯ ಕಣಜ ಎಂಬ ಹೆಸರಿದೆ. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಆದರೆ ತೊಗರಿ ರಾಶಿ ಬರುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಅದೇ ಹೊತ್ತಿಗೆ ನಸುಕಿನಲ್ಲಿ ಸಣ್ಣ ಟ್ರ್ಯಾಕ್ಟರ್ ಚಾಲೂ ಆಗದೆ ಕಾಡುತ್ತದೆ. ಕೂಲಿಯವರು ಹೊಲದಲ್ಲಿ ಸುಮ್ಮನೆ ಕೂತರೂ ಕೂಲಿ ಕೊಡಲೇಬೇಕು. ಮಿಸ್ತ್ರಿ ಬರುವುದರೊಳಗೆ ಮಧ್ಯಾಹ್ನ ಆಗಿರುತ್ತದೆ. ಅದಕ್ಕೇ ಮಿಸ್ತ್ರಿಗೆ ಹೇಳಿ ಕಳಿಸುವ ಮೊದಲು ಮನೆಯವರೇ ಏನೇನು ನೋಡಬಹುದು ಎಂದು ನಮ್ಮ ಕಾಕಾ ಅವರನ್ನು ಕೇಳಿ ಬರೆದಿದ್ದೇನೆ.

ಮೊದಲು ಎಂಜಿನ್ ವಿಷಯ. ಬೈಕಿನ ಪೆಟ್ರೋಲ್ ಎಂಜಿನ್‌ಗೆ ಪ್ಲಗ್ ಕಿಡಿ ಕೊಡುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಮತ್ತ ಬೆಂಕಿ ಎಲ್ಲಿಂದ ಬರ್ತದ? ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿರಿ, ಬಿಸಿ ಆಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ 16ರಿಂದ 20 ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಇಂಜೆಕ್ಟರ್ ಡೀಸೆಲ್ಲನ್ನು ಸಣ್ಣ ತುಂತುರು ಮಾಡಿ ಚಿಮ್ಮಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಅವರು ಇಂಥ ಎಂಜಿನನ್ನು 1897ರಲ್ಲಿ ನಡೆಸಿ ತೋರಿಸಿದರು.

ಚಳಿಯಲ್ಲಿ ತಣ್ಣಗಿನ ಕಬ್ಬಿಣ ಈ ಶಾಖವನ್ನು ಎಳೆದುಕೊಳ್ಳುತ್ತದೆ. ಆಯಿಲ್ ಗಟ್ಟಿಯಾಗುತ್ತದೆ. ಬ್ಯಾಟರಿಯ ಬಲವೂ ಕಡಿಮೆಯಾಗುತ್ತದೆ. ಎಂಜಿನ್ ಜೋರಾಗಿ ತಿರುಗದಿದ್ದರೆ ಸಾಕಷ್ಟು ಶಾಖ ಹುಟ್ಟುವುದಿಲ್ಲ. "ಮೊದಲ ಸಪ್ಪಳ ಕೇಳು, ಆಮ್ಯಾಲ ಹೊಗಿ ನೋಡು, ಅದೇ ಹೇಳ್ತದ" ಅಂತಾರ ನಮ್ಮ ಕಾಕಾ.

1. ಟಕ್ ಟಕ್ ಎಂದರೆ ಅಥವಾ ನಿಧಾನ ತಿರುಗಿದರೆ: ಬ್ಯಾಟರಿ ನೋಡಬೇಕು. ತುಂಬಿದ ಬ್ಯಾಟರಿ 12.6 ವೋಲ್ಟ್ ಇರುತ್ತದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ದರೆ ಅರ್ತ್ ವೈರ್ ಮೊದಲು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಒರೆಸಿ ಬಿಗಿಯಬೇಕು. ಸಪ್ಪಳವೇ ಇಲ್ಲದಿದ್ದರೆ ಕ್ಲಚ್ ತುಳಿದು ನೋಡಬೇಕು. ಕೆಲವು ಟ್ರ್ಯಾಕ್ಟರ್ ಕ್ಲಚ್ ತುಳಿಯದೆ ತಿರುಗುವುದಿಲ್ಲ.

2. ಚೆನ್ನಾಗಿ ತಿರುಗುತ್ತದೆ, ಹೊಗೆಯೇ ಇಲ್ಲ: ಡೀಸೆಲ್ ಎಂಜಿನ್‌ಗೆ ಮುಟ್ಟುತ್ತಿಲ್ಲ. ಬಂದ್ ಮಾಡುವಾಗ ಎಳೆದ ಸ್ಟಾಪ್ ಗುಂಡಿ ಹಾಗೇ ಇದೆಯೇ, ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಬೇಕು. ಪೈಪಿನಲ್ಲಿ ಗಾಳಿ ಹಿಡಿದಿದ್ದರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿ, ಮತ್ತೆ ಬಿಗಿಯಬೇಕು.

3. ಬಿಳಿ ಹೊಗೆ ಬಂದರೆ: ಡೀಸೆಲ್ ಮುಟ್ಟುತ್ತದೆ, ಹೊತ್ತುತ್ತಿಲ್ಲ. ಹೀಟರ್ ಇರುವ ಟ್ರ್ಯಾಕ್ಟರಿನಲ್ಲಿ ಕಂಪನಿ ಪುಸ್ತಕದಲ್ಲಿ ಬರೆದಷ್ಟು ಸೆಕೆಂಡು ಹೀಟರ್ ಹಾಕಿ, ನಂತರ ಕೀ ತಿರುಗಿಸಬೇಕು.

4. ಕಪ್ಪು ಹೊಗೆ ಬಂದರೆ: ಗಾಳಿ ಸಾಲದು. ನಮ್ಮ ಹೊಲದ ಧೂಳು, ತೊಗರಿ ಹೊಟ್ಟು ಏರ್ ಕ್ಲೀನರಿನಲ್ಲಿ ಸೇರುತ್ತದೆ. ಅದನ್ನು ಸ್ವಚ್ಛ ಮಾಡಬೇಕು.

ಇಷ್ಟು ನೋಡಿದರೂ ಆಗದಿದ್ದರೆ ಇಂಜೆಕ್ಟರ್, ಪಂಪು, ಪಿಸ್ಟನ್ ರಿಂಗ್ ಇವು ಮಿಸ್ತ್ರಿಯ ಕೆಲಸ. ಇಂಜೆಕ್ಟರಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಾಗಿ ಚಿಮ್ಮುತ್ತದೆ. ಕೈ ಹಚ್ಚಬಾರದು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಸ್ಟಾರ್ಟರ್ ಸುಡುತ್ತದೆ. ನಡುವೆ ಅರ್ಧ ನಿಮಿಷ ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಕೀ ನಡೆಯದಿದ್ದಾಗ ಕೆಲವರು ನೆಲದ ಮೇಲೆ ನಿಂತು ಸ್ಟಾರ್ಟರಿಗೆ ಪಾನಾ ಮುಟ್ಟಿಸಿ ಚಾಲೂ ಮಾಡುತ್ತಾರೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ತಟ್ಟನೆ ಮುಂದೆ ಹೋಗಿ, ದೊಡ್ಡ ಗಾಲಿ ಅವರ ಮೇಲೇ ಹಾಯುತ್ತದೆ. ಅರ್ಧ ದಿನದ ಕೆಲಸ ನಾಳೆ ಮಾಡಬಹುದು, ಹೋದ ಜೀವ ಬರೂದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ ಇವತ್ತೇ ಹೇಳಿರಿ. ಸಣ್ಣವರು ಹೇಳಿದರೂ ಕೇಳುತ್ತಾರೆ.

7ನೇ ತರಗತಿ ವಿದ್ಯಾರ್ಥಿ, ನರೋಣಾ