ಪಹಣಿಯಲ್ಲಿ ಕಾಣದ ದುಡಿಮೆ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ಎರಡು ಎಕರೆ ತೆಂಗಿನ ತೋಟವೊಂದನ್ನು ಕಲ್ಪಿಸಿಕೊಳ್ಳಿ. ಹೆಂಡತಿ ತೀರಿಕೊಂಡ ಒಬ್ಬ ರೈತ, ಗಂಡನನ್ನು ಕಳೆದುಕೊಂಡ ಒಬ್ಬ ಮಹಿಳೆ. ತಾಳಿ, ಶಾಸ್ತ್ರ ಯಾವುದೂ ಇಲ್ಲದೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ್ದಾರೆ. ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತವಳು ಅವಳು. ಕೊಳವೆಬಾವಿ ಕೊರೆಸಲು ತನ್ನ ಸರ ಮಾರಿದವಳೂ ಅವಳೇ. ಪಹಣಿ ಮಾತ್ರ ಅವನ ಹೆಸರಿನಲ್ಲಿದೆ. ಈಗ ಇಬ್ಬರೂ ಬೇರೆಯಾಗುತ್ತಿದ್ದಾರೆ. ತೋಟದಲ್ಲಿ ಅವಳಿಗೆ ಪಾಲುಂಟೇ?

ಊರ ಹಿರಿಯರು ಪಂಚಾಯಿತಿ ಕುಳಿತರೆ "ಏನಾದರೂ ಕೊಟ್ಟು ಕಳಿಸಪ್ಪ" ಎಂದಾರು. ಕಾನೂನಿನ ಉತ್ತರ ಇನ್ನೂ ಬಿಗಿ: ಪಾಲಿಲ್ಲ. ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದು. ಅವಳು ಶಾಸ್ತ್ರೋಕ್ತವಾಗಿ ಮದುವೆಯಾದ ಹೆಂಡತಿಯಾಗಿದ್ದರೂ ವಿಚ್ಛೇದನದ ಕಾಲಕ್ಕೆ ಗಂಡನ ಸ್ವಂತ ಆಸ್ತಿಯಲ್ಲಿ ಅರ್ಧ ಕೇಳುವಂತಿರಲಿಲ್ಲ, ಜೀವನಾಂಶ ಕೇಳಬಹುದಿತ್ತು. ನೆರೆಯ ಗೋವಾದಲ್ಲಿ ಹೀಗಿಲ್ಲ. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಂತೆ ಅಲ್ಲಿ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರುತ್ತದೆ. ಆಸ್ಟ್ರೇಲಿಯದ ಹೆಚ್ಚಿನ ರಾಜ್ಯಗಳಲ್ಲಿ 2009ರಿಂದ, ಮದುವೆಯಾಗದೆ ಎರಡು ವರ್ಷ ಕೂಡಿ ಬಾಳಿದವರ ಆಸ್ತಿಯನ್ನೂ ನ್ಯಾಯಾಲಯ ಹಂಚಬಲ್ಲದು; ಅಡುಗೆ, ಮಕ್ಕಳ ಪಾಲನೆಗಳೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಹಾಗೆಂದು ನಮ್ಮ ಮಹಿಳೆಯ ಕೈ ಪೂರ್ತಿ ಬರಿದಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು 'ಮದುವೆಯ ಸ್ವರೂಪದ ಸಂಬಂಧ'ವನ್ನೂ ಒಳಗೊಂಡಿದೆ. ಹೊಡೆತವಷ್ಟೇ ಹಿಂಸೆಯಲ್ಲ, ಖರ್ಚಿಗೆ ಕೊಡದಿರುವುದು, ಮನೆಯಿಂದ ಹೊರಹಾಕುವುದು ಕೂಡ ಹಿಂಸೆಯೇ. ಅದು ರುಜುವಾತಾದರೆ ಮ್ಯಾಜಿಸ್ಟ್ರೇಟರು ವಾಸಕ್ಕೆ ನೆಲೆ, ಜೀವನಾಂಶ, ಪರಿಹಾರ ಕೊಡಿಸಬಹುದು. ಸೂರು ಮತ್ತು ಊಟ ಸಿಕ್ಕೀತು; ತೋಟದ ಪಾಲಲ್ಲ.

ಅದೂ ಎಲ್ಲರಿಗೂ ಸಿಗುವುದಿಲ್ಲ. ಬೆಂಗಳೂರಿನ ಒಂದು ಪ್ರಕರಣ ನೋಡಿ. ಒಂದೇ ಕಂಪನಿಯಲ್ಲಿದ್ದ ಇಬ್ಬರು 1992ರಿಂದ ಹಲವು ವರ್ಷ ಕೂಡಿ ಬಾಳಿದ್ದರು. ಬೇರೆಯಾದಾಗ ಮ್ಯಾಜಿಸ್ಟ್ರೇಟರು ಆಕೆಗೆ ತಿಂಗಳಿಗೆ 18,000 ರೂಪಾಯಿ ಜೀವನಾಂಶ ವಿಧಿಸಿದರು. ಹೈಕೋರ್ಟ್ ಅದನ್ನು ರದ್ದುಪಡಿಸಿತು. 2013ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಮಾನವನ್ನೇ ಎತ್ತಿಹಿಡಿಯಿತು. ಆತನಿಗೆ ಮೊದಲೇ ಹೆಂಡತಿ ಮಕ್ಕಳಿದ್ದುದು ಆಕೆಗೆ ತಿಳಿದಿತ್ತು ಎಂಬುದು ಕಾರಣ. ಇಂಥ ಸಂಬಂಧವನ್ನು ಗುರುತಿಸಲು ಏನೇನು ನೋಡಬೇಕೆಂದೂ ಆ ತೀರ್ಪು ಹೇಳಿದೆ: ಎಷ್ಟು ಕಾಲ ಬಾಳಿದರು, ಮನೆ ಒಂದೇ ಇತ್ತೇ, ಹಣಕಾಸು ಒಟ್ಟಿಗಿತ್ತೇ, ಮಕ್ಕಳಿದ್ದಾರೆಯೇ, ನಾಲ್ಕು ಜನರೆದುರು ಗಂಡ ಹೆಂಡಿರಂತೆ ನಡೆದುಕೊಂಡರೇ. ಕಾನೂನಿನ ಕೊರತೆಯನ್ನು ಸಂಸತ್ತು ತುಂಬಬೇಕೆಂಬ ಮಾತನ್ನೂ ನ್ಯಾಯಮೂರ್ತಿಗಳು ಸೇರಿಸಿದರು. ಮೊದಲ ಹೆಂಡತಿಯ ಹಕ್ಕು ಕಾಯಬೇಕು, ನಿಜ. ಆದರೆ ಆಕೆ ಕಳೆದ ವರ್ಷಗಳ ಬೆಲೆ ಸೊನ್ನೆಯೇ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಇನ್ನೊಂದು ವಿಚಿತ್ರವಿದೆ. ಬೇರೆಯಾಗದೆ ರೈತ ತೀರಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ದೀರ್ಘಕಾಲ ಗಂಡ ಹೆಂಡಿರಂತೆ ಬಾಳಿದವರನ್ನು, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ, ಮದುವೆಯಾದವರೆಂದೇ ನ್ಯಾಯಾಲಯ ಭಾವಿಸಬಹುದು. ಸುಮಾರು 50 ವರ್ಷ ಬಾಳಿದ ಜೋಡಿಯೊಂದರ ವಿಷಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ಭಾವಿಸಿತು. ಆಗ ಅವಳು ವಿಧವೆ, ವಾರಸುದಾರಳು. ಬದುಕಿದ್ದವನಿಂದ ಬಾರದ ಪಾಲು ಸತ್ತವನಿಂದ ಬರುತ್ತದೆ!

ಸರದ ಹಣವೇನಾಯಿತು? ಸಾಲವೆಂದು ಕೇಳಲು ಚೀಟಿ ಬೇಕು, ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅವಳೇ ಹಣ ಕೊಟ್ಟು ಅವನ ಹೆಸರಿನಲ್ಲಿ ಜಮೀನು ಕೊಂಡಿದ್ದರಂತೂ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. ಅದರ ವಿನಾಯಿತಿಯಲ್ಲಿ ಗಂಡ, ಹೆಂಡತಿ, ಮಕ್ಕಳಿದ್ದಾರೆ, ಜೊತೆಗೆ ಬಾಳಿದವರಿಲ್ಲ. ಆದ್ದರಿಂದ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು, ಕೊಟ್ಟ ಹಣ ಬ್ಯಾಂಕಿನ ಮೂಲಕ ಹೋಗಬೇಕು. ಅಷ್ಟು ಮಾಡದೆ ಈಗ ಬೀದಿಗೆ ಬಿದ್ದವಳು ಹೊಸದುರ್ಗದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯ್ದೆಯಂತೆ ಮಹಿಳೆಗೆ, ಆದಾಯವೆಷ್ಟೇ ಇರಲಿ, ವಕೀಲರ ನೆರವು ಉಚಿತ.