ಹಾವಿನ ಮೈಯ ನುಸಿ: ನಾಮನಿರ್ಣಯವೂ ನಿವಾರಣಕ್ರಮವೂ

ನಾಗರಪಂಚಮಿಯು ಬಂದಿತೆಂದರೆ ಹಾವಾಡಿಗನು ಬಿದಿರಬುಟ್ಟಿಯನ್ನು ಹೊತ್ತು ಓಣಿ ಓಣಿಗೆ ಬರುತ್ತಿದ್ದ ಕಾಲವು ಹುಬ್ಬಳ್ಳಿ-ಧಾರವಾಡದ ಹಿರಿಯರ ಸ್ಮೃತಿಯಲ್ಲಿ ಇನ್ನೂ ಉಳಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತರುವಾಯದ ತಿದ್ದುಪಡಿಗಳೂ ಆ ಬುಟ್ಟಿಯನ್ನು ದಂಡಾರ್ಹವನ್ನಾಗಿ ಮಾಡಿದವು. ಆದರೂ ಹಾವು ಮನುಷ್ಯನ ವಶದಲ್ಲಿ ಇರುವ ಪ್ರಸಂಗವು ಇಲ್ಲವಾಗಿಲ್ಲ; ಅದರ ರೂಪ ಮಾತ್ರ ಬೇರೆಯಾಗಿದೆ. ಮಲೆನಾಡಿನ ಅಂಚೂ ಬಯಲುಸೀಮೆಯ ಎರೆಭೂಮಿಯೂ ಸಂಧಿಸುವ ಈ ಪ್ರದೇಶದಲ್ಲಿ ಮಳೆಗಾಲದಲ್ಲಿ ಮನೆಯೊಳಕ್ಕೆ ಹೊಕ್ಕ ನಾಗರ, ಕೇರೆ, ಕೊಳಕುಮಂಡಲಗಳನ್ನು ಬಲ್ಲವರು ಹಿಡಿದು, ಚೀಲದಲ್ಲಿಯೋ ಡಬ್ಬಿಯಲ್ಲಿಯೋ ಇರಿಸಿ, ಅರಣ್ಯ ಇಲಾಖೆಯ ಮುಖಾಂತರ ಕಾಡಿಗೆ ಬಿಡುವುದು ಒಂದು ರೂಪ. ಪರದೇಶದಿಂದ ಬಂದ ಬಾಲ್ ಪೈಥಾನ್ ಮೊದಲಾದ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದು ಇನ್ನೊಂದು. ಬುಟ್ಟಿಯಾಗಲಿ ಚೀಲವಾಗಲಿ ಗಾಜಿನ ಪೆಟ್ಟಿಗೆಯಾಗಲಿ, ಹಾವು ಸೆರೆಯಲ್ಲಿದ್ದಲ್ಲೆಲ್ಲ ಅದನ್ನು ಪೀಡಿಸುವ ಒಂದು ಕ್ಷುದ್ರಜಂತುವುಂಟು. ಅದರ ಸ್ವರೂಪವನ್ನೂ, ಹಾವಿಗೆ ಅಪಾಯವಾಗದಂತೆ ಅದನ್ನು ನಿವಾರಿಸುವ ಕ್ರಮವನ್ನೂ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಾಮನಿರ್ಣಯವಾಗಬೇಕು. ಜನರು ಈ ಜಂತುವನ್ನು ‘ಹಾವಿನ ಹೇನು’ ಎನ್ನುವುದುಂಟು. ಈ ಹೆಸರು ಸಾಧುವಲ್ಲ. ಹೇನು ಆರು ಕಾಲುಳ್ಳ ಕೀಟ. ರೋಮವೋ ಗರಿಯೋ ಉಳ್ಳ ಪ್ರಾಣಿಗಳ ಮೈಮೇಲೆ ಮಾತ್ರವೇ ಇರತಕ್ಕದ್ದು. ಅದು ಹುಟ್ಟುವುದು, ಬೆಳೆಯುವುದು, ಸೀರನ್ನು ಅಂಟಿಸುವುದು ಎಲ್ಲವೂ ಆಶ್ರಯಿಸಿದ ಪ್ರಾಣಿಯ ಸಂಗದಲ್ಲಿಯೇ. ರೋಮರಹಿತವಾದ ಹಾವಿಗೆ ಹೇನಿಲ್ಲ. ಹಾವಿನ ಮೈಮೇಲೆ ಕಾಣುವ ಕರಿಯ ಕಣದಂಥ ಜಂತು ಬೆಳೆದಾಗ ಎಂಟು ಕಾಲುಳ್ಳದ್ದು, ಜೇಡನ ಬಳಗಕ್ಕೆ ಸೇರಿದ್ದು. ಇದಕ್ಕೆ ‘ನುಸಿ’ ಎಂಬ ಹೆಸರೇ ಯುಕ್ತವಾದುದು. ಅದಕ್ಕಿಂತ ದೊಡ್ಡದಾಗಿ, ಶಲ್ಕಗಳ ನಡುವೆ ಬಾಯನ್ನು ನೆಟ್ಟು, ರಕ್ತದಿಂದ ಉಬ್ಬಿ ಕುಳಿತಿರುವುದು ‘ಉಣ್ಣೆ’. ‘ಉಣ್’ ಎಂಬ ಧಾತುವಿನ ಸಂಬಂಧವು ಈ ಶಬ್ದದಲ್ಲಿ ಸ್ಪಷ್ಟವಾಗಿದೆ. ಕೆಚ್ಚಲಿಗಂಟಿದ ಉಣ್ಣೆಯ ದೃಷ್ಟಾಂತವು ಕನ್ನಡ ಕಾವ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ.

ಇದು ಕೇವಲ ಶಬ್ದಜಿಜ್ಞಾಸೆಯೆಂದು ಎಣಿಸಲಾಗದು. ಹೇನೆಂದು ತಿಳಿದವನು ಮೈಗೆ ಮದ್ದು ಹಚ್ಚುತ್ತಾನೆ. ನುಸಿಯೆಂದು ತಿಳಿದವನು ಮೊದಲು ಮನೆಯನ್ನು ನೋಡುತ್ತಾನೆ. ಹೆಸರಿನ ತಪ್ಪು ಚಿಕಿತ್ಸೆಯ ತಪ್ಪಾಗಿ ಪರಿಣಮಿಸಿ, ನುಸಿಗೆಂದು ಹಾಕಿದ ವಿಷವು ಹಾವನ್ನೇ ಕೊಲ್ಲುವ ಪ್ರಸಂಗ ಒದಗುತ್ತದೆ.

ನುಸಿಯ ಜೀವನಕ್ರಮವನ್ನು ಅರಿತರೆ ಈ ಮಾತು ಸ್ಪಷ್ಟವಾಗುವುದು. ವಿಜ್ಞಾನಿಗಳು ಇದಕ್ಕೆ ‘ಓಫಿಯೋನಿಸ್ಸಸ್ ನಾಟ್ರಿಸಿಸ್’ ಎಂದು ಹೆಸರಿಟ್ಟಿರುವರು. ಫ್ರಾನ್ಸಿನ ಗೆರ್ವೇ ಎಂಬ ಪಂಡಿತನು ೧೮೪೪ರಲ್ಲಿ ಇದನ್ನು ಮೊದಲು ವರ್ಣಿಸಿದನು. ಮೊದಲ ಪದದ ಗ್ರೀಕ್ ಮೂಲಗಳಿಗೆ ಹಾವು, ಚುಚ್ಚುವಿಕೆ ಎಂಬ ಅರ್ಥಗಳಿವೆ. ಇದಕ್ಕೆ ಅವಸ್ಥೆಗಳು ಐದು. ತತ್ತಿ ಮೊದಲನೆಯದು. ಅದರಿಂದ ಹೊರಬಂದ ಆರು ಕಾಲಿನ ಮರಿಯು ಏನನ್ನೂ ಉಣ್ಣದು. ಮೂರನೆಯ ಅವಸ್ಥೆಯ ಮರಿಯು ರಕ್ತವನ್ನು ಹೀರುವುದು. ನಾಲ್ಕನೆಯದು ಮತ್ತೆ ನಿರಾಹಾರ. ಐದನೆಯದಾದ ಪ್ರೌಢಾವಸ್ಥೆಯಲ್ಲಿ ಪುನಃ ರಕ್ತಪಾನ. ಅಂತು ಐದು ಅವಸ್ಥೆಗಳಲ್ಲಿ ಹಾವಿನ ರಕ್ತವು ಬೇಕಾಗುವುದು ಎರಡಕ್ಕೆ ಮಾತ್ರ. ಹೆಣ್ಣು ತನ್ನ ಆಯುಷ್ಯದಲ್ಲಿ ಸುಮಾರು ೬೦ರಿಂದ ೮೦ ತತ್ತಿಗಳನ್ನು ಇಡುವುದು. ಅವನ್ನು ಹಾವಿನ ಮೈಮೇಲಲ್ಲ, ಕತ್ತಲೆಯೂ ತೇವವೂ ಇರುವ ಸಂದುಗೊಂದಿಗಳಲ್ಲಿ ಇಡುತ್ತದೆ. ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ತತ್ತಿಯು ಪ್ರೌಢನುಸಿಯಾಗಲು ಸುಮಾರು ೧೩ರಿಂದ ೧೯ ದಿನಗಳು ಸಾಕು. ಪ್ರೌಢನುಸಿಯು ೪೦ ದಿನಗಳವರೆಗೆ ಬದುಕಬಲ್ಲುದು. ಬಿದಿರಬುಟ್ಟಿಯ ಹೆಣಿಗೆಯ ಸಂದುಗಳು ಇಂಥ ಜಂತುವಿಗೆ ಎಷ್ಟು ಅನುಕೂಲವಾದ ನೆಲೆಯೆಂಬುದನ್ನು ಊಹಿಸುವುದು ಕಠಿನವಲ್ಲ.

ಉಣ್ಣೆಯ ಪ್ರಕಾರವು ಬೇರೆ. ಭಾರತದ ಕೇರೆ, ನಾಗರ, ಉಡಗಳ ಮೇಲೆ ಕಾಣುವ ಉಣ್ಣೆಗಳಲ್ಲಿ ‘ಆಂಬ್ಲಿಯೋಮ ಗೆರ್ವೈಸಿ’ ಎಂಬುದು ಪ್ರಸಿದ್ಧವಾದುದು. ಕಾಡುಹಾವಿನ ಮೈಮೇಲೆ ಒಂದೆರಡು ಉಣ್ಣೆಗಳಿರುವುದು ಸ್ವಾಭಾವಿಕ. ಅವುಗಳಿಂದ ಹೆಚ್ಚಿನ ಹಾನಿಯಿಲ್ಲ. ನುಸಿಯಾದರೋ ಸೆರೆಯಲ್ಲಿಯೇ ಪ್ರಬಲಿಸುವಂಥದು. ಕಾಡಿನಲ್ಲಿ ಹಾವು ಒಂದೆಡೆ ನಿಲ್ಲದೆ ಸಂಚರಿಸುವುದರಿಂದ ತತ್ತಿಯೊಡೆದು ಬಂದ ಮರಿಗೆ ಹಾವು ಸಿಕ್ಕುವುದು ಅಪರೂಪ. ಪೆಟ್ಟಿಗೆಯಲ್ಲಿ ಅದು ಎಂದಿಗೂ ತಪ್ಪದು.

ಲಕ್ಷಣಗಳನ್ನು ಗುರುತಿಸುವುದು ಸುಲಭ. ಕಣ್ಣಿನ ಅಂಚು, ಗಲ್ಲದ ಕೆಳಗಿನ ಗೀರು, ಮಲದ್ವಾರದ ಸಮೀಪ — ಈ ಸ್ಥಾನಗಳಲ್ಲಿ ಗಸಗಸೆಗಿಂತ ಚಿಕ್ಕದಾದ ಕಪ್ಪು ಕಣಗಳು ಚಲಿಸುವುದು ಕಾಣುತ್ತದೆ. ಶಲ್ಕಗಳ ಮೇಲೆ ಬಿಳಿಯ ಧೂಳಿನಂಥ ಅವುಗಳ ಮಲ ಬಿದ್ದಿರುತ್ತದೆ. ಹಾವು ಬಹಳ ಹೊತ್ತು ನೀರಿನ ಪಾತ್ರೆಯಲ್ಲಿಯೇ ಮುಳುಗಿ ಮಲಗುತ್ತದೆ, ಆಹಾರವನ್ನು ಬಿಡುತ್ತದೆ, ಪೊರೆಯನ್ನು ಸರಿಯಾಗಿ ಕಳಚಲಾರದು. ಒದ್ದೆಯ ಬಿಳಿಬಟ್ಟೆಯಿಂದ ಮೈಯನ್ನು ಮೆಲ್ಲನೆ ಒರಸಿ ನೋಡಿದರೆ ಸಂಶಯವು ಪರಿಹಾರವಾಗುವುದು. ಇದನ್ನು ಕೇವಲ ಕಿರುಕುಳವೆಂದು ಉಪೇಕ್ಷಿಸಬಾರದು. ರಕ್ತಕ್ಷಯದಿಂದ ಮರಿಹಾವುಗಳು ಸಾಯುವುದುಂಟು. ಇದಲ್ಲದೆ, ಹಾವಿನ ರಕ್ತವನ್ನು ಕೆಡಿಸುವ ಒಂದು ಮಾರಕ ಬ್ಯಾಕ್ಟೀರಿಯಾರೋಗವನ್ನು ಈ ನುಸಿಯು ಒಂದು ಹಾವಿನಿಂದ ಇನ್ನೊಂದಕ್ಕೆ ಸಾಗಿಸುವುದೆಂಬುದನ್ನು ಅಮೇರಿಕೆಯ ಕ್ಯಾಮಿನ್ ಎಂಬ ವಿದ್ವಾಂಸನು ೧೯೪೮ರಲ್ಲಿ ಪ್ರಕಟಿಸಿದನು. ಸಾಕುವವರ ತೋಳಿಗೂ ನುಸಿ ಕಚ್ಚಿ ಗುಳ್ಳೆಗಳೇಳುವುದುಂಟು.

ಚಿಕಿತ್ಸೆಯ ವಿಷಯದಲ್ಲಿ ಪ್ರಾಚೀನ ಗ್ರಂಥಗಳ ಸಹಾಯವೇನೆಂಬುದು ವಿಚಾರಾರ್ಹವಾಗಿದೆ. ಸುಶ್ರುತನ ಕಲ್ಪಸ್ಥಾನವು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಷಸರ್ಪಗಳನ್ನು ವಿಭಾಗಿಸುವುದು. ಕನ್ನಡದ ‘ಕೊಳಕುಮಂಡಲ’ದಲ್ಲಿ ಆ ‘ಮಂಡಲ’ವು ಇಂದಿಗೂ ಕೇಳಿಬರುವುದು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯಕ್ಕೆ ಮೀಸಲಾದುದು. ಇವುಗಳಲ್ಲಿ ರೋಗಿಯು ಕಚ್ಚಿಸಿಕೊಂಡವನು, ಹಾವಲ್ಲ. ಕೀರ್ತಿವರ್ಮನ ‘ಗೋವೈದ್ಯ’ದಲ್ಲಿ ಪ್ರಾಣಿಯೇ ರೋಗಿಯಾದರೂ ಅದು ಗೋವು. ಹೀಗಿದ್ದರೂ ಚರಕನ ವಿಮಾನಸ್ಥಾನದಲ್ಲಿ ಒಂದು ಸೂತ್ರಪ್ರಾಯವಾದ ಕ್ರಮವಿದೆ. ಮೈಯ ಹೊರಗೆ ಹುಟ್ಟುವ ಕ್ರಿಮಿಗಳಿಗೆ ಕೂದಲು, ಮೀಸೆ, ರೆಪ್ಪೆಗಳೊಡನೆ ವಸ್ತ್ರವನ್ನೂ ಅವನು ಸ್ಥಾನವಾಗಿ ಎಣಿಸಿರುವನು. ಅವುಗಳ ನಿವಾರಣೆಗೆ ಅಪಕರ್ಷಣ, ಮಲೋಪಘಾತ, ಮಲಕರಭಾವಗಳ ವರ್ಜನ ಎಂಬ ಮೂರು ಉಪಾಯಗಳನ್ನು ಹೇಳಿರುವನು. ಇದು ಮನುಷ್ಯನನ್ನು ಕುರಿತ ಮಾತಾದರೂ, ಇಂದಿನ ಪಶುವೈದ್ಯರು ಹಾವಿನ ನುಸಿಗೆ ಅನುಸರಿಸುವ ಕ್ರಮವು ಈ ಮೂರರ ಚೌಕಟ್ಟಿನಲ್ಲಿಯೇ ಸರಿಯಾಗಿ ಕೂಡುತ್ತದೆ.

ಅಪಕರ್ಷಣವೆಂದರೆ ಕೈಯಿಂದ ತೆಗೆಯುವುದು. ಉಗುರುಬೆಚ್ಚಗಿಂತಲೂ ಕಡಿಮೆ ಬಿಸಿಯಾದ ನೀರನ್ನು ಹಾವಿನ ಮೈಯ ದಪ್ಪಕ್ಕಿಂತ ಹೆಚ್ಚು ಆಳವಾಗದಂತೆ ಪಾತ್ರೆಯಲ್ಲಿ ಹಾಕಿ, ಸುಮಾರು ಅರ್ಧ ಗಂಟೆ, ಕಣ್ಣೆದುರಿನಲ್ಲಿಯೇ ಹಾವನ್ನು ಇರಿಸಬೇಕು. ಅನೇಕ ನುಸಿಗಳು ಮುಳುಗಿ ಸಾಯುವವು. ಉಳಿದವು ನೀರಿನ ಮೇಲಿರುವ ತಲೆಯತ್ತ ಸರಿಯುವವು. ಆದುದರಿಂದ ತಲೆಯನ್ನು ಒದ್ದೆಬಟ್ಟೆಯಿಂದ ಒರಸುವುದು ಅವಶ್ಯಕ. ಉಣ್ಣೆಯಾದರೆ ಚಿಮಟಿಗೆಯಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸುಡುವುದೂ ಸೀಮೆಎಣ್ಣೆ ಸವರುವುದೂ ಕೂಡದು. ವಿಷಸರ್ಪಗಳ ವಿಷಯದಲ್ಲಿ ಈ ಕಾರ್ಯವು ಅಧಿಕಾರವೂ ಶಿಕ್ಷಣವೂ ಉಳ್ಳವರಿಗೆ ಮಾತ್ರ ಸಲ್ಲತಕ್ಕದ್ದು.

ಮಲೋಪಘಾತವೆಂದರೆ ಇಲ್ಲಿ ನೆಲೆಯ ಶೋಧನ. ಮೂರರಲ್ಲಿ ಇದೇ ಪ್ರಧಾನ. ಪೆಟ್ಟಿಗೆಯೊಳಗಿನ ಹೊಟ್ಟು, ಎಲೆ, ತೊಗಟೆಗಳನ್ನೆಲ್ಲ ಚೀಲದಲ್ಲಿ ಬಿಗಿದು ಹೊರಹಾಕಬೇಕು. ಬಿರುಕುಳ್ಳ ಕಟ್ಟಿಗೆಯನ್ನು ತ್ಯಜಿಸಬೇಕು. ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಪೆಟ್ಟಿಗೆಯನ್ನು ಸಾಬೂನು ಬಿಸಿನೀರುಗಳಿಂದ, ವಿಶೇಷವಾಗಿ ಮೂಲೆಗಳನ್ನು, ತಿಕ್ಕಿ ತೊಳೆದು ಪೂರ್ಣವಾಗಿ ಒಣಗಿಸಬೇಕು. ಶುಷ್ಕತೆಯು ನುಸಿಯ ಮರಿಗಳಿಗೆ ಮಾರಕವಾದುದು. ಅನಂತರ ಬರಿಯ ಬಿಳಿಯ ಕಾಗದವನ್ನು ಹಾಸಿ ದಿನವೂ ಬದಲಿಸಬೇಕು. ಕುಡಿಯುವ ನೀರು ಮಾತ್ರ ಹಾವಿಗೆ ತಪ್ಪಕೂಡದು. ಒಂದು ಸಲದ ಶೋಧನದಿಂದ ಕಾರ್ಯವು ಮುಗಿಯದು. ಉಳಿದ ತತ್ತಿಗಳು ಒಡೆಯುವುದರಿಂದ ಕನಿಷ್ಠ ಆರು ವಾರಗಳ ಕಾಲ ಈ ಕ್ರಮವನ್ನು ಬಿಡದೆ ನಡೆಸಬೇಕು. ಎರಡನೆಯ ವಾರದಲ್ಲಿ ನುಸಿ ಕಾಣಲಿಲ್ಲವೆಂದು ನಿಲ್ಲಿಸುವುದೇ ಪುನರುದ್ಭವಕ್ಕೆ ಕಾರಣ.

ಔಷಧಗಳ ಪ್ರಸ್ತಾಪವು ಇಲ್ಲಿ ಬರುವುದು. ಐವರ್ಮೆಕ್ಟಿನ್, ಫಿಪ್ರೊನಿಲ್ ಎಂಬವು ಪಶುವೈದ್ಯರ ಬಳಕೆಯಲ್ಲಿವೆ; ಆದರೆ ಪ್ರಮಾಣವು ಹಾವಿನ ತೂಕವನ್ನೂ ಜಾತಿಯನ್ನೂ ಅನುಸರಿಸಿ ಅವರಿಂದಲೇ ನಿರ್ಣಯವಾಗಬೇಕು. ಅದೇ ಐವರ್ಮೆಕ್ಟಿನ್ ಆಮೆಗೆ ಮಾರಕವೆಂಬುದನ್ನು ನೆನೆದರೆ, ಒಂದು ಪ್ರಾಣಿಗೆ ಅಮೃತವಾದುದು ಇನ್ನೊಂದಕ್ಕೆ ವಿಷವಾಗುವ ರೀತಿ ತಿಳಿಯುವುದು. ಪರ್ಮೆಥ್ರಿನ್ ವರ್ಗದ ಸಿಂಪಡಣೆಗಳನ್ನು ಉಪಯೋಗಿಸುವುದಾದರೆ ಹಾವನ್ನೂ ನೀರಿನ ಪಾತ್ರೆಯನ್ನೂ ಹೊರತೆಗೆದು, ಬರಿಯ ಪೆಟ್ಟಿಗೆಗೆ ಮಾತ್ರ ಸಿಂಪಡಿಸಿ, ಸಂಪೂರ್ಣವಾಗಿ ಒಣಗಿದ ಮೇಲೆ ಹಾವನ್ನು ಒಳಗೆ ಬಿಡತಕ್ಕದ್ದು. ದನಗಳ ಉಣ್ಣೆಗೆಂದು ಬಳಸುವ ತಂಬಾಕಿನ ಕಷಾಯ, ಸೀಮೆಎಣ್ಣೆ, ನಾಯಿಗೆ ಹಾಕುವ ಪುಡಿ, ನುಸಿಗುಳಿಗೆ — ಇವೆಲ್ಲವೂ ವರ್ಜ್ಯ. ಹಾವು ಹಗಲಿರುಳು ಮೈಯನ್ನೆಲ್ಲ ನೆಲಕ್ಕೆ ಹಚ್ಚಿ, ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಉಸಿರಾಡುವುದಾದ್ದರಿಂದ ಇಂಥ ವಿಷಗಳಿಂದ ಅದಕ್ಕೆ ಪಾರಾಗುವ ದಾರಿಯಿಲ್ಲ. ನುಸಿಯನ್ನು ನುಸಿಯಿಂದಲೇ ನಿವಾರಿಸುವ ಉಪಾಯವೂ ಉಂಟು: ‘ಸ್ಟ್ರಾಟಿಯೋಲೇಲಾಪ್ಸ್ ಸ್ಕಿಮಿಟಸ್’ ಎಂಬ ಮಣ್ಣಿನ ನುಸಿಯು ಹಾವಿಗೆ ಏನೂ ಮಾಡದೆ ಹಾವಿನ ನುಸಿಯನ್ನು ತಿನ್ನುವುದು. ಆದರೆ ವಿಷ ಸಿಂಪಡಿಸಿದಲ್ಲಿ ಅದೂ ಸಾಯುವುದರಿಂದ ಎರಡು ಉಪಾಯಗಳನ್ನು ಬೆರಸಲಾಗದು.

ಮೂರನೆಯದು ಕಾರಣವರ್ಜನ. ಹೊಸದಾಗಿ ಬಂದ ಹಾವನ್ನು ಎರಡು ಮೂರು ತಿಂಗಳು ಬೇರೆಯ ಕೋಣೆಯಲ್ಲಿ ಇರಿಸಬೇಕು. ಅದರ ಆರೈಕೆಯನ್ನು ಎಲ್ಲಕ್ಕೂ ಕಡೆಯಲ್ಲಿ ಮಾಡಿ ಕೈಗಳನ್ನು ತೊಳೆಯಬೇಕು. ಹಾವನ್ನು ಹಿಡಿದು ಕಾಡಿಗೆ ಬಿಡುವವರು ಒಂದೇ ಚೀಲದಲ್ಲಿ ಒಂದರ ತರುವಾಯ ಇನ್ನೊಂದನ್ನು ಹಾಕದೆ, ಪ್ರತಿಸಲವೂ ಚೀಲವನ್ನು ಕುದಿಸಿ ಒಣಗಿಸಬೇಕು. ಹೀಗೆ ಮಾಡದಿದ್ದರೆ ಸೆರೆಯ ನುಸಿಯು ಅವರ ಕೈಯಿಂದಲೇ ಕಾಡಿಗೆ ತಲಪುವುದು. ಹಿಡಿದ ಹಾವನ್ನು ನುಸಿ ಬಿಡಿಸುವ ನೆಪದಿಂದ ಮನೆಯಲ್ಲಿ ಉಳಿಸಿಕೊಳ್ಳುವುದು ಕಾಯಿದೆಗೂ ಧರ್ಮಕ್ಕೂ ವಿರುದ್ಧ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು. ಬಾಲ್ ಪೈಥಾನಿನಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಪರದೇಶದ ಹಾವುಗಳನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳಂತೆ ನೋಂದಣಿ ಮಾಡಿಸಿರಬೇಕೆಂಬುದೂ ಗಮನಾರ್ಹ.

ಒಟ್ಟಿನಲ್ಲಿ, ನುಸಿಯು ಹಾವಿನಲ್ಲಿ ಉಣ್ಣುವುದೇ ಹೊರತು ಹಾವಿನಲ್ಲಿ ವಾಸಿಸುವುದಿಲ್ಲ. ವಾಸಸ್ಥಾನವು ಮನುಷ್ಯನು ಕಟ್ಟಿದ ಪೆಟ್ಟಿಗೆ. ಆದುದರಿಂದ ಈ ವ್ಯಾಧಿಯಲ್ಲಿ ಮೊದಲು ಶೋಧಿಸಬೇಕಾದುದು ಹಾವಿನ ಮೈಯಲ್ಲ, ಅದನ್ನು ಸೆರೆಯಿಟ್ಟವನ ವ್ಯವಸ್ಥೆ. ಪಂಚಮಿಯ ದಿನ ಕಲ್ಲಿನ ನಾಗರಕ್ಕೆ ಹಾಲೆರೆಯುವ ನಾಡಿನಲ್ಲಿ ಜೀವಂತ ನಾಗರಕ್ಕೆ ಸಲ್ಲಿಸಬಹುದಾದ ಸೇವೆ, ಸೆರೆಯಿಂದ ಬಿಡುಗಡೆ; ಸೆರೆಯು ಅನಿವಾರ್ಯವಾದಾಗ ಶುಚಿಯಾದ, ಒಣಗಿದ, ವಿಷವಿಲ್ಲದ ನೆಲೆ.